ಕದ್ರಿಯ ಫ್ಲ್ಯಾಟಿನ ಇಂಗಾಲದ ಲೆಕ್ಕ: ಮೊದಲು ಕೈಹಾಕಬೇಕಾದದ್ದು ಯಾವುದಕ್ಕೆ?

ಬೋಂಡ_ಶರ್ಬತ್ (ಪ್ರಶ್ನೆ)

ಮಂಗಳೂರು ಕದ್ರಿಯಲ್ಲಿ ಫ್ಲ್ಯಾಟ್, ನಾಲ್ಕು ಜನ. "ಬಟ್ಟೆ ಚೀಲ ಹಿಡಿಯಿರಿ, ಲೈಟ್ ಆರಿಸಿ" ಎನ್ನುವ ಸಲಹೆಗಳು ಸಾಕಷ್ಟು ಸಿಕ್ಕಿವೆ. ನನಗೆ ಬೇಕಾದದ್ದು ಅಂಕಿ ಇಟ್ಟು ಮಾತಾಡುವವರ ಉತ್ತರ. ನಮ್ಮ ಮನೆಯ ಲೆಕ್ಕ ಹೀಗುಂಟು:

ಕರೆಂಟು ವರ್ಷಕ್ಕೆ 3,400 ಯೂನಿಟ್ (ಮಳೆಗಾಲದಲ್ಲಿ ಕಡಿಮೆ, ಏಪ್ರಿಲ್-ಮೇಯಲ್ಲಿ ಬಿಲ್ ನೋಡಲಿಕ್ಕಾಗುವುದಿಲ್ಲ). ಗ್ಯಾಸ್ ವರ್ಷಕ್ಕೆ ಒಂಬತ್ತೂವರೆ ಸಿಲಿಂಡರ್. ಪೆಟ್ರೋಲ್ ತಿಂಗಳಿಗೆ 56 ಲೀಟರ್; ಅದರಲ್ಲಿ 48 ಕಾರಿಗೆ, ಸುರತ್ಕಲ್ ಆಫೀಸಿಗೆ ದಿನಾ ಹೋಗಿ ಬರುವುದಕ್ಕೆ. ಎರಡು ಏಸಿ, ಒಂದು ಹಳೆಯದು, ಆರ್-22 ಎಂಬ ತಂಪು ಮಾಡುವ ಗ್ಯಾಸಿನದ್ದು. ಅದಕ್ಕೆ ಪ್ರತಿ ಬೇಸಿಗೆ ಸುಮಾರು ಅರ್ಧ ಕೆ.ಜಿ. ಗ್ಯಾಸ್ ತುಂಬಿಸುತ್ತೇವೆ. 25 ಲೀಟರಿನ ಗೀಸರ್ ಬೆಳಗ್ಗಿನಿಂದ ಆನ್. ಎರಡು ಹೊತ್ತು ಕುಚ್ಚಲಕ್ಕಿ ಅನ್ನ, ವಾರಕ್ಕೆ ನಾಲ್ಕು ದಿನ ಮೀನು.

ಕೇಳಬೇಕಾದದ್ದು ಮೂರು. ಗ್ಯಾಸ್ ಬಿಟ್ಟು ಪೂರ್ತಿ ಇಂಡಕ್ಷನ್‌ಗೆ ಹೋದರೆ ಲಾಭ ಉಂಟಾ? ಬಾಲ್ಕನಿಯ ಕಾಂಪೋಸ್ಟ್ ಜೂನ್ ಬಂದ ಕೂಡಲೇ ಹುಳವಾಗಿ ನಾರುತ್ತದೆ, ಏನು ಮಾಡುವುದು? ಇಷ್ಟರಲ್ಲಿ ನಿಜವಾಗಿ ದೊಡ್ಡದು ಯಾವುದು?

ಏಳು_ಯೂನಿಟ್

ಮೂರನೇ ಪ್ರಶ್ನೆಯಿಂದ ಶುರು ಮಾಡುವ. ನೆನಪಿಡಬೇಕಾದ ಗುಣಕಗಳು ಮೂರೇ: ಪೆಟ್ರೋಲ್ 1 ಲೀಟರ್ ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಎಲ್‌ಪಿಜಿ 1 ಕೆ.ಜಿ.ಗೆ ಸುಮಾರು 3 ಕೆ.ಜಿ. (14.2 ಕೆ.ಜಿ. ಸಿಲಿಂಡರಿಗೆ 42 ಕೆ.ಜಿ. ಅಂತ ಇಟ್ಟುಕೊಳ್ಳಿ), ಗ್ರಿಡ್ ಕರೆಂಟು ಯೂನಿಟ್‌ಗೆ 0.7 ಕೆ.ಜಿ. ಆಸುಪಾಸು.

ನಿಮ್ಮ ಮನೆಗೆ ಹಾಕಿದರೆ ಕರೆಂಟು 2,380 ಕೆ.ಜಿ., ಪೆಟ್ರೋಲ್ 1,550, ಅಡುಗೆ ಗ್ಯಾಸ್ 400. ಇಲ್ಲಿಗೆ ಎಲ್ಲರೂ ಲೆಕ್ಕ ನಿಲ್ಲಿಸುತ್ತಾರೆ. ನೀವು ಪ್ರತಿ ಬೇಸಿಗೆ ತುಂಬಿಸುವ ಆ ಅರ್ಧ ಕೆ.ಜಿ. ಆರ್-22 ಎಲ್ಲಿಗೆ ಹೋಯಿತು? ಗಾಳಿಗೆ. ಒಂದು ಕೆ.ಜಿ. ಆರ್-22 ಬಿಸಿ ಹಿಡಿಯುವುದರಲ್ಲಿ 1,810 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ ಸೋರಿದ್ದು 905 ಕೆ.ಜಿ. ಇಡೀ ವರ್ಷ ಅಡುಗೆಗೆ ಉರಿಸಿದ್ದರ ಎರಡು ಪಟ್ಟಿಗಿಂತ ಹೆಚ್ಚು, ಅದೂ ಯಾವ ಬಿಲ್ಲಿನಲ್ಲೂ ಕಾಣದೆ. ಇದರ ಬಗ್ಗೆ ಏಸಿ ಕೆಲಸ ಗೊತ್ತಿರುವವರು ಬರೆಯಲಿ.

ಇಂಡಕ್ಷನ್: ಸದ್ಯಕ್ಕೆ ಬೇಡ. ಇದು ಹಲವರಿಗೆ ಸಿಟ್ಟು ತರಿಸುವ ಉತ್ತರ ಅಂತ ಗೊತ್ತು. 1 ಕೆ.ಜಿ. ಎಲ್‌ಪಿಜಿಯಲ್ಲಿ 12.8 ಯೂನಿಟ್‌ನಷ್ಟು ಶಾಖ ಉಂಟು. ಒಳ್ಳೆಯ ಬರ್ನರ್ ಅದರಲ್ಲಿ 65% ಪಾತ್ರೆಗೆ ಸೇರಿಸಿದರೆ 8.3 ಯೂನಿಟ್. 3 ಕೆ.ಜಿ.ಯನ್ನು ಅದರಿಂದ ಭಾಗಿಸಿದರೆ ಪಾತ್ರೆಗೆ ಬಿದ್ದ ಒಂದು ಯೂನಿಟ್ ಶಾಖಕ್ಕೆ 0.36 ಕೆ.ಜಿ. ಇಂಡಕ್ಷನ್ 85% ದಕ್ಷವಾದರೂ ಹಿಂದೆ ಇರುವುದು ಕಲ್ಲಿದ್ದಲಿನ ಕರೆಂಟು: 0.7 ಭಾಗ 0.85, ಅಂದರೆ 0.82. ಎರಡು ಪಟ್ಟು ದಾಟಿತು. ಛಾವಣಿಯ ಮೇಲೆ ಸೋಲಾರ್ ಉಂಟು, ಅಡುಗೆ ಹಗಲು ಹೊತ್ತಿನಲ್ಲಿ ಎಂದಾದರೆ ಲೆಕ್ಕ ಬೇರೆ. ಫ್ಲ್ಯಾಟಿನಲ್ಲಿ ಸಂಜೆ ಏಳಕ್ಕೆ ಅನ್ನ ಇಡುವವರಿಗೆ ಇಂಡಕ್ಷನ್ ಅನುಕೂಲದ ವಸ್ತು, ಹವಾಮಾನದ ಮದ್ದಲ್ಲ.

ಗೀಸರ್: ಕರಾವಳಿಯಲ್ಲಿ ನಲ್ಲಿ ನೀರೇ 27 ಡಿಗ್ರಿ. 18 ಲೀಟರಿನ ಒಂದು ಬಾಲ್ದಿ ನೀರನ್ನು 40ಕ್ಕೆ ಏರಿಸಲು 0.27 ಯೂನಿಟ್ ಸಾಕು. ನಾಲ್ಕು ಜನಕ್ಕೆ ಒಂದು ಯೂನಿಟ್ ಚಿಲ್ಲರೆ. ನಿಮ್ಮ ಗೀಸರ್ 25 ಲೀಟರ್ ನೀರನ್ನು 70ಕ್ಕೆ ಕಾಯಿಸಿ, ದಿನವಿಡೀ ಶಾಖ ಬಿಡುತ್ತಾ, ಮತ್ತೆ ಮತ್ತೆ ಕಾಯಿಸುತ್ತಾ ಕೂತಿರುತ್ತದೆ. ಥರ್ಮೋಸ್ಟಾಟ್ 50ಕ್ಕೆ ಇಳಿಸಿ. 2 ಕಿಲೋವ್ಯಾಟ್ ಕಾಯಿಲ್ ಆದರೆ 20 ನಿಮಿಷ ಮೊದಲು ಹಾಕಿ, ಸ್ನಾನ ಮುಗಿದ ಮೇಲೆ ಗೋಡೆಯ ಸ್ವಿಚ್ಚೇ ಆರಿಸಿ. ವಾರಕ್ಕೊಮ್ಮೆ 60 ದಾಟಿಸಿದರೆ ಟ್ಯಾಂಕಿನೊಳಗೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಬೋರ್‌ವೆಲ್ ನೀರಾದರೆ ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ಮೆಗ್ನೀಸಿಯಂ ಕಡ್ಡಿ ಕರಗಿದೆಯಾ ನೋಡಿಸಿ. ಅದು ಮುಗಿದರೆ ಮುಂದೆ ತುಕ್ಕು ತಿನ್ನುವುದು ಟ್ಯಾಂಕನ್ನೇ.

ಫ್ಯಾನು: ನಮ್ಮಲ್ಲಿ ಫ್ಯಾನು ವರ್ಷದ ಹನ್ನೆರಡು ತಿಂಗಳೂ ತಿರುಗುತ್ತದೆ, ಬೆಂಗಳೂರಿನವರಿಗೆ ಇದು ಅರ್ಥವಾಗುವುದಿಲ್ಲ. ಹಳೆಯದು 75 ವ್ಯಾಟ್, ಕಡಿಮೆ ಕರೆಂಟು ತಿನ್ನುವ ಬೇರೆ ಬಗೆಯ ಮೋಟಾರಿನ ಬಿಎಲ್‌ಡಿಸಿ 30. ದಿನಕ್ಕೆ 14 ಗಂಟೆ ತಿರುಗುವ ಒಂದು ಫ್ಯಾನು ಬದಲಾಯಿಸಿದರೆ ವರ್ಷಕ್ಕೆ 230 ಯೂನಿಟ್, 160 ಕೆ.ಜಿ. ಉಳಿತಾಯ. ನಾಲ್ಕನ್ನೂ ಒಟ್ಟಿಗೆ ಕೊಳ್ಳಬೇಡಿ. ಮಲಗುವ ಕೋಣೆ ಮತ್ತು ಹಾಲ್ ಸಾಕು. ದಿನಕ್ಕೆ ಒಂದು ಗಂಟೆ ತಿರುಗುವ ಊಟದ ಕೋಣೆಯ ಫ್ಯಾನಿಗೆ ಹಣ ಹಾಕುವುದು ದಂಡ.

ಕಡಲಗಾಳಿ

ಏಸಿ ವಿಷಯಕ್ಕೆ ನಾನು.

"ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು" ಎನ್ನುವುದು ನಮ್ಮ ಊರಿನ ದೊಡ್ಡ ಸುಳ್ಳು. ಏಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತು ಬಿದ್ದಿದೆ. ಮುಚ್ಚದೆ ತುಂಬಿಸಿದ್ದು ಮುಂದಿನ ಬೇಸಿಗೆಯೊಳಗೆ ಮತ್ತೆ ಆಕಾಶಕ್ಕೆ.

ಇಲ್ಲಿ ತೂತು ಬೀಳುವುದಕ್ಕೆ ಕಾರಣ ಉಪ್ಪುಗಾಳಿ. ಹೊರಗಿನ ಯೂನಿಟ್‌ನಲ್ಲಿ ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆ. ಎರಡು ಲೋಹಗಳ ನಡುವೆ ಉಪ್ಪು ತೇವ ಕೂತರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಉದುರುತ್ತದೆ. ಪಣಂಬೂರು, ತಣ್ಣೀರುಬಾವಿ, ಮಲ್ಪೆ ಕಡೆ ಸಮುದ್ರಕ್ಕೆ ಮುಖ ಮಾಡಿದ ಯೂನಿಟ್‌ಗಳನ್ನು ನೋಡಿದರೆ ಗೊತ್ತಾಗುತ್ತದೆ. ಕದ್ರಿ ಎತ್ತರದಲ್ಲಿದ್ದು ಸಮುದ್ರದಿಂದ ಸ್ವಲ್ಪ ದೂರ, ಆದರೂ ಪೂರ್ತಿ ಪಾರಲ್ಲ. ಮಳೆ ಇಲ್ಲದ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಮೈನ್ ಆರಿಸಿ, ಸಾದಾ ಪೈಪಿನಲ್ಲಿ ಸಿಹಿನೀರು ಬಿಟ್ಟು ಕಾಯಿಲ್ ತೊಳೆಯಿರಿ. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆ ಮಡಚಿ ಗಾಳಿಯೇ ಹೋಗುವುದಿಲ್ಲ.

ಸೋರಿಕೆ ಹುಡುಕುವವರು ಏನು ಮಾಡಬೇಕು ಅಂತ ನಿಮಗೂ ಗೊತ್ತಿರಲಿ. ಮೊದಲು ಕೊಳವೆ ಜೋಡಣೆಯ ಫ್ಲೇರ್ ನಟ್‌ಗಳಲ್ಲಿ ಎಣ್ಣೆ ಕಲೆ ನೋಡಬೇಕು, ಗ್ಯಾಸ್ ಸೋರುವಲ್ಲಿ ಕಂಪ್ರೆಸರ್ ಎಣ್ಣೆಯೂ ಜಿನುಗುತ್ತದೆ. ಆಮೇಲೆ ಒಳಗೆ ನೈಟ್ರೋಜನ್ ಒತ್ತಡ ಹಾಕಿ ಸಾಬೂನು ನೀರು ಹಚ್ಚುವುದು. ಗುಳ್ಳೆ ಬಂದಲ್ಲಿ ನಟ್ ಬಿಗಿ ಅಥವಾ ಬೆಸುಗೆ. ನಂತರ ವ್ಯಾಕ್ಯೂಮ್ ಪಂಪ್ ಅರ್ಧ ಗಂಟೆಯಾದರೂ ಓಡಬೇಕು, ನಿಲ್ಲಿಸಿದ ಮೇಲೆ ಮುಳ್ಳು ಏರದೆ ನಿಂತಿರಬೇಕು. ಕೊನೆಗೆ ಯೂನಿಟ್‌ನ ಫಲಕದಲ್ಲಿ ಬರೆದಷ್ಟೇ ತೂಕದ ಗ್ಯಾಸ್, ತಕ್ಕಡಿಯಲ್ಲಿ ಇಟ್ಟು. ತಕ್ಕಡಿ, ವ್ಯಾಕ್ಯೂಮ್ ಪಂಪ್ ಎರಡೂ ಇಲ್ಲದೆ ಬರೀ ಗೇಜ್ ಹಿಡಿದು ಬಂದವರನ್ನು ಚಾ ಕುಡಿಸಿ ಕಳಿಸಿ.

ಹಳೆಯ ಆರ್-22 ಏಸಿಯ ಕಾಯಿಲೇ ಕೊರೆದಿದ್ದರೆ ರಿಪೇರಿಗೆ ಹಣ ಸುರಿಯಬೇಡಿ. ಹೊಸದು ಕೊಳ್ಳುವಾಗ ನಕ್ಷತ್ರದ ಜೊತೆ ಗ್ಯಾಸೂ ನೋಡಿ: ಆರ್-410ಎ ಸೋರಿದರೆ ಕೆ.ಜಿ.ಗೆ ಇಂಗಾಲದ ಡೈಆಕ್ಸೈಡಿನ 2,088 ಪಟ್ಟು, ಆರ್-32 ಆದರೆ 675, ಆರ್-290 ಅಂದರೆ ಪ್ರೊಪೇನ್, ಅದರದ್ದು ನಗಣ್ಯ. ಪ್ರೊಪೇನ್ ಹೊತ್ತಿಕೊಳ್ಳುವ ಗ್ಯಾಸ್ ಆದದ್ದರಿಂದ ಅಳವಡಿಕೆ ತರಬೇತಿ ಪಡೆದವರಿಂದಲೇ ಆಗಬೇಕು. ಕಾಯಿಲ್‌ಗೆ ತುಕ್ಕು ತಡೆಯುವ ಲೇಪನ ಉಂಟಾ ಕೇಳಿ. ನಮ್ಮ ಕಡೆಗೆ ಅದು ಐಷಾರಾಮ ಅಲ್ಲ.

ಬಳಕೆಯಲ್ಲಿ ಒಂದೇ ಮಾತು. ಇಲ್ಲಿ ನಮ್ಮನ್ನು ಕಾಡುವುದು ಬಿಸಿಗಿಂತ ಸೆಕೆ, ಗಾಳಿಯ ತೇವ. 27ಕ್ಕೆ ಇಟ್ಟು ಫ್ಯಾನು ನಿಧಾನಕ್ಕೆ ಬಿಟ್ಟರೆ ಸಾಕು. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಕಿಟಕಿಯ ಸಂದಿ ಮುಚ್ಚದಿದ್ದರೆ ಮಾತ್ರ ಏಸಿ ರಾತ್ರಿಯಿಡೀ ಹೊರಗಿನ ತೇವ ಹಿಂಡುತ್ತಾ ಕೂರುತ್ತದೆ.

ಬಸಳೆ_ಚಪ್ಪರ

ಇಂಡಕ್ಷನ್ ಬೇಡ ಅಂದರು ಸರಿ, ಆದರೆ ಗ್ಯಾಸ್ ಉಳಿಸುವ ದಾರಿ ಹೇಳಲಿಲ್ಲ. ಬೆಳ್ತಿಗೆ (ಬಿಳಿ) ಅಕ್ಕಿ ತಿನ್ನುವವರಿಗೆ ಈ ಸಮಸ್ಯೆ ಇಲ್ಲ. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕುದಿಯಬೇಕು, ಕಜೆ (ಕೆಂಪು) ಅಕ್ಕಿಯಾದರೆ ಇನ್ನೂ ಹೆಚ್ಚು. ಮಧ್ಯಮ ಉರಿಯಲ್ಲಿ 40 ನಿಮಿಷ ಅಂದರೆ ಹೆಚ್ಚುಕಡಿಮೆ 75 ಗ್ರಾಂ ಗ್ಯಾಸ್. ದಿನಕ್ಕೆ ಒಂದು ಸಲ ಅದನ್ನು ತಪ್ಪಿಸಿದರೆ ವರ್ಷಕ್ಕೆ ಎರಡು ಸಿಲಿಂಡರ್ ಹತ್ತಿರ.

ಅಂಗಡಿಯಲ್ಲಿ ಥರ್ಮಲ್ ರೈಸ್ ಕುಕ್ಕರ್ ಸಿಗುತ್ತದೆ: ಸ್ಟೀಲಿನ ಪಾತ್ರೆ, ಅದನ್ನು ಇಡಲು ಶಾಖ ಬಿಡದ ಡಬ್ಬ. ಅಕ್ಕಿ ರಾತ್ರಿಯೇ ನೆನೆಹಾಕಿ. ಬೆಳಗ್ಗೆ ತೊಳೆದು, 1 ಕುಡ್ತೆಗೆ (ಅಳತೆಯ ಲೋಟ) 5 ಕುಡ್ತೆ ನೀರಿಟ್ಟು, ಮುಚ್ಚಳ ಹಾಕಿ, ಚೆನ್ನಾಗಿ ಕುದಿ ಬಂದ ಮೇಲೆ ಹತ್ತು ನಿಮಿಷ ಬಿಡಿ. ಕುದಿಯುತ್ತಿರುವಾಗಲೇ ಎತ್ತಿ ಡಬ್ಬದಲ್ಲಿಟ್ಟು ಬಿಗಿದು ಒಂದೂಕಾಲು ಗಂಟೆ ಮರೆತುಬಿಡಿ. ಆಮೇಲೆ ಗಂಜಿ ಬಸಿಯಿರಿ.

ಕೆಡುವುದು ಎಲ್ಲಿ? ಪಾತ್ರೆ ಅರ್ಧ ಖಾಲಿ ಇದ್ದರೆ ಶಾಖ ಹಿಡಿಯುವಷ್ಟು ನೀರಿಲ್ಲ, ಅನ್ನ ನಡುವೆ ಬೆಣಚುಕಲ್ಲು. ಮುಕ್ಕಾಲು ಭಾಗವಾದರೂ ತುಂಬಬೇಕು; ಇಬ್ಬರಿಗೆ ಬೇಯಿಸುವವರು ಚಿಕ್ಕ ಡಬ್ಬವೇ ಕೊಳ್ಳಿ. ನಡುವೆ ಮುಚ್ಚಳ ತೆಗೆದು ಇಣುಕಿದರೂ ಹಾಗೆಯೇ. ಬೇಯಲಿಲ್ಲವೆಂದರೆ ಐದು ನಿಮಿಷ ಮತ್ತೆ ಕುದಿಸಿ ಡಬ್ಬಕ್ಕೆ ಹಾಕಿದರೆ ಸರಿಯಾಗುತ್ತದೆ. ಆದರೆ ಬೆಳಗ್ಗೆ ಇಟ್ಟದ್ದನ್ನು ಸಂಜೆ ತೆಗೆಯುತ್ತೇನೆ ಅನ್ನಬೇಡಿ, 60 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಹಳಸಲಿಕ್ಕೆ ಶುರು. ಮೀನಿನ ಥರ್ಮೋಕೋಲ್ ಪೆಟ್ಟಿಗೆಯಲ್ಲೇ ಮಾಡುವವರೂ ಇದ್ದಾರೆ. ಕುದಿಯುವ ಪಾತ್ರೆ ತಾಗಿದರೆ ಥರ್ಮೋಕೋಲ್ ಮೆತ್ತಗಾಗಿ ಕರಗುತ್ತದೆ, ಅದಕ್ಕಿಂತ ಮರದ ಪೆಟ್ಟಿಗೆಗೆ ಬೈಹುಲ್ಲು ಒತ್ತಿ ತುಂಬಿದ್ದು ಎಷ್ಟೋ ಮೇಲು.

ಈಗ ಕಾಂಪೋಸ್ಟ್. ಜೂನ್‌ನಲ್ಲಿ ನಾರುವುದಕ್ಕೆ ಕಾರಣ ನೀರು. ಬೇಸಿಗೆಯಲ್ಲಿ ಡಬ್ಬದ ತೇವ ತಾನಾಗಿ ಆರುತ್ತದೆ, ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಗಾಳಿ ಸೇರದಿದ್ದಲ್ಲಿ ಕೊಳೆಯುವ ಜೀವಿಗಳೇ ಬೇರೆ, ಅವು ಬಿಡುವುದು ಮೀಥೇನ್. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಊರಿನ ಕಸ ಸುರಿಯುವ ಪಚ್ಚನಾಡಿಯಲ್ಲಿ ಹಸಿ ಕಸ ರಾಶಿ ಬಿದ್ದಾಗ ಆಗುವುದೂ ಇದೇ. 2019ರ ಆಗಸ್ಟ್‌ನಲ್ಲಿ ಆ ರಾಶಿ ಜಾರಿ ಮಂದಾರದ ತೋಟಗಳ ಮೇಲೆ ಹೋದದ್ದು ನೆನಪಿರಬಹುದು.

ಮದ್ದು ಒಣ ಸಾಮಾನು, ಅದನ್ನು ಮಾರ್ಚ್-ಏಪ್ರಿಲ್‌ನಲ್ಲೇ ಕೂಡಿಡಬೇಕು. ತರಗೆಲೆ ಎರಡು ಗೋಣಿ, ಸಾ ಮಿಲ್ಲಿನ ಮರದ ಹುಡಿ ಒಂದು ಗೋಣಿ (ಪ್ಲೈವುಡ್ ಹುಡಿ ಬೇಡ, ಅಂಟು ಇರುತ್ತದೆ), ಇಲ್ಲದಿದ್ದರೆ ತೆಂಗಿನ ನಾರಿನ ಹುಡಿಯ ಇಟ್ಟಿಗೆ. ಇಟ್ಟಿಗೆಯನ್ನು ನೀರಲ್ಲಿ ನೆನೆಸದೆ ಒಣದಾಗಿಯೇ ಪುಡಿ ಮಾಡಿ ಬಳಸಿ, ಅಡುಗೆಮನೆಯ ನೀರು ಕುಡಿಯಲಿ. ಬೇಸಿಗೆಯಲ್ಲಿ ಒಂದು ಬೋಗುಣಿ ಹಸಿಗೆ ಒಂದು ಬೋಗುಣಿ ಒಣದು ಸಾಕು, ಮಳೆಗಾಲದಲ್ಲಿ ಎರಡು. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ಹನಿ ಬೀಳಬಾರದು. ಮೂಗಿಗೆ ಕುಟುಕುವ ಘಾಟು ಬಂದರೆ ಹಸಿ ಹೆಚ್ಚಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ, ಎಲ್ಲ ಹೊರಗೆ ಸುರಿದು ಒಣದು ಬೆರೆಸಿ ತುಂಬಿಸಿ. ಬೂದು ಬಣ್ಣದ ದಪ್ಪ ಹುಳಗಳು ಕಂಡರೆ ಹೆದರಬೇಡಿ, ಅವು ಕಪ್ಪು ಸೈನಿಕ ನೊಣದ ಮರಿಗಳು, ನಿಮ್ಮ ಕೆಲಸವನ್ನೇ ಮಾಡುತ್ತಿವೆ. ಒಣ ಪದರ ದಪ್ಪ ಹಾಕಿದರೆ ಕಡಿಮೆಯಾಗುತ್ತವೆ. ಹಲಸಿನ ರೆಚ್ಚೆ (ತೊಳೆ ತೆಗೆದ ಮೇಲೆ ಉಳಿದದ್ದು) ಒಂದೇ ದಿನ ಪೂರ್ತಿ ಹಾಕಿದರೆ ಮಾತ್ರ ಯಾವ ಡಬ್ಬವೂ ತಡೆಯದು.

ಮೀನಿನ ತಲೆ, ಕರುಳು ಬಾಲ್ಕನಿ ಡಬ್ಬಕ್ಕೆ ಬೇಡವೇ ಬೇಡ. ನೆಲ ಇದ್ದವರು ತೆಂಗಿನ ಬುಡದಿಂದ ನಾಲ್ಕು ಅಡಿ ದೂರ ಒಂದೂವರೆ ಅಡಿ ಆಳ ಹೂಳಬಹುದು. ಆಳ ಕಡಿಮೆಯಾದರೆ ನಾಯಿ, ಹೆಗ್ಗಣ ತೋಡುತ್ತವೆ. ಫ್ಲ್ಯಾಟಿನವರು ಅಷ್ಟೇ ತೂಕದ ಬೆಲ್ಲದ ಹುಡಿ ಬೆರೆಸಿ ಜಾಡಿಯ ಮುಕ್ಕಾಲು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ನೆರಳಲ್ಲಿ ಒಂದು ತಿಂಗಳು ಇಡಿ. ಸೋಸಿದ ರಸ ಲೀಟರ್ ನೀರಿಗೆ 2–3 ಮಿ.ಲೀ. ಹಾಕಿ ಬಸಳೆಗೆ ಬಿಟ್ಟರೆ ಎಲೆ ನೋಡಬೇಕು.

ನಂತೂರು_ಸರ್ಕಲ್

ಎಲ್ಲರೂ ಅಡುಗೆಮನೆಯಲ್ಲೇ ಕೂತಿರಿ. ಕಾರು?

ಸುರತ್ಕಲ್‌ಗೆ ಹೋಗಿ ಬರುವುದು ಸುಮಾರು 30 ಕಿ.ಮೀ., ತಿಂಗಳಿಗೆ 25 ದಿನ ಅಂದರೆ 750 ಕಿ.ಮೀ. ಒಬ್ಬರೇ ಕಾರಲ್ಲಿ: 48 ಲೀಟರ್, 110 ಕೆ.ಜಿ. ಅದೇ ದೂರ ಪೆಟ್ರೋಲ್ ಸ್ಕೂಟರಲ್ಲಿ 38 ಕೆ.ಜಿ. ವಿದ್ಯುತ್ ಸ್ಕೂಟರು ಕಿ.ಮೀ.ಗೆ 30 ವ್ಯಾಟ್-ಅವರ್ ತಿಂದರೆ 16 ಕೆ.ಜಿ. ಬಸ್ಸು ಲೀಟರ್ ಡೀಸೆಲ್‌ಗೆ 4 ಕಿ.ಮೀ. ಓಡಿ 40 ಜನರನ್ನು ಹೊತ್ತರೆ ನಿಮ್ಮ ಪಾಲಿಗೆ 13 ಕೆ.ಜಿ. ಬೆಳಗ್ಗೆ ಸಂಜೆ ಆ ದಾರಿಯ ಬಸ್ಸಲ್ಲಿ 40 ಅಲ್ಲ, ನಿಲ್ಲಲಿಕ್ಕೂ ಜಾಗ ಇರುವುದಿಲ್ಲ. ಪ್ರತಿದಿನ ಬೇಡ, ವಾರಕ್ಕೆ ಮೂರು ದಿನ ಬಸ್ಸು ಹಿಡಿದರೂ ವರ್ಷಕ್ಕೆ 500 ಕೆ.ಜಿ. ಮೇಲೆ ಇಳಿಯುತ್ತದೆ. ಬಸ್ಸು ಆಗದವರು ಕಾರಲ್ಲಿ ಮೂವರು ಹೋಗಿ. ತಲೆಗೆ ಸ್ಕೂಟರಿನಷ್ಟೇ ಬೀಳುತ್ತದೆ.

ಏಳು_ಯೂನಿಟ್ ಅವರಿಗೆ ಒಂದು ತಕರಾರು. ಕರ್ನಾಟಕದಲ್ಲಿ ಜಲ, ಗಾಳಿ, ಸೌರ ವಿದ್ಯುತ್ತಿನ ಪಾಲು ದೊಡ್ಡದು. ವಾರಾಹಿ ಜಲವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯ ಬದಿಯಲ್ಲೇ ಉಂಟು. 0.7 ಅಂತ ಹಿಡಿದದ್ದು ಜಾಸ್ತಿಯಾಯಿತಲ್ಲ?

ಏಳು_ಯೂನಿಟ್

ನ್ಯಾಯವಾದ ಪ್ರಶ್ನೆ. ಆದರೆ 2013ರ ಡಿಸೆಂಬರ್ ಕೊನೆಗೆ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ಗೆ ಸೇರಿದ ಮೇಲೆ ಕರೆಂಟಿಗೆ ರಾಜ್ಯದ ಗಡಿ ಇಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರವೂ ದೇಶಕ್ಕೆಲ್ಲ ಒಂದೇ ಗುಣಕ ಕೊಡುತ್ತದೆ. ಅದಲ್ಲದೆ ಸಂಜೆ ಏಳಕ್ಕೆ ನೀವು ಹೆಚ್ಚುವರಿ ಎರಡು ಕಿಲೋವ್ಯಾಟ್ ಎಳೆದಾಗ ಸೂರ್ಯ ಇರುವುದಿಲ್ಲ. ಆಗಿನ ಬೇಡಿಕೆ ತುಂಬುವುದರಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು. ಪಡುಬಿದ್ರಿ ಹತ್ತಿರದ 1,200 ಮೆಗಾವ್ಯಾಟ್ ಸ್ಥಾವರದ ಚಿಮಣಿ ಹೆದ್ದಾರಿಯಿಂದಲೇ ಕಾಣುತ್ತದಲ್ಲ. ಮುಂದೆ ಗ್ರಿಡ್ ಶುದ್ಧವಾಗಿ ಯೂನಿಟ್‌ಗೆ 0.3ಕ್ಕೆ ಇಳಿದ ದಿನ ಇಂಡಕ್ಷನ್ ಗೆಲ್ಲುತ್ತದೆ, ಆಗ ನಾನೇ ಹೇಳುತ್ತೇನೆ.

ಬಸ್ಸಿನ ಲೆಕ್ಕ ಒಪ್ಪಿದೆ.

ಬೋಂಡ_ಶರ್ಬತ್

ತುಂಬ ಉಪಕಾರ ಆಯ್ತು. ಇನ್ನೂ ಮೂರು ಸಣ್ಣ ಪ್ರಶ್ನೆ. ಹಳೆಯ ಏಸಿಯನ್ನು ಗುಜರಿಗೆ ಹಾಕುವಾಗ ಗ್ಯಾಸ್ ಏನಾಗುತ್ತದೆ? ಬಿಎಲ್‌ಡಿಸಿ ಫ್ಯಾನು ಸಿಡಿಲಿಗೆ ಸುಟ್ಟುಹೋಗುತ್ತದೆ ಅಂತ ಕೇಳಿದ್ದೇನೆ, ನಿಜವಾ? ಮೀನು ಕಡಿಮೆ ಮಾಡಬೇಕಾ?

ಬಸಳೆ_ಚಪ್ಪರ

ಮೀನು ಬಿಡಬೇಕಾಗಿಲ್ಲ ಮಾರಾಯ್ರೆ, ಯಾವುದು ಅಂತ ನೋಡಿದರೆ ಸಾಕು. ಬೂತಾಯಿ, ಬಂಗುಡೆ ಮೇಲ್ನೀರಲ್ಲಿ ಹಿಂಡಾಗಿ ಓಡಾಡುವ ಮೀನು, ಸುತ್ತು ಬಲೆಗೆ ಒಂದೇ ಸಲ ರಾಶಿ ಸಿಗುತ್ತದೆ. ಸಿಗಡಿಗಾಗಿ ಟ್ರಾಲ್ ಬಲೆಯನ್ನು ಸಮುದ್ರದ ತಳದಲ್ಲಿ ಗಂಟೆಗಟ್ಟಲೆ ಎಳೆಯುವ ಬೋಟು ಕೆ.ಜಿ. ಮೀನಿಗೆ ಸುಡುವ ಡೀಸೆಲ್ ಎಷ್ಟೋ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ನಾಡದೋಣಿಯ ಮೀನು ಸಿಕ್ಕಿದರೆ ತನ್ನಿ, ಇಲ್ಲವಾದರೆ ಒಣಮೀನು, ಹಲಸಿನ ಬೀಜ, ಮಾಡಿಗೆ ಕಟ್ಟಿದ ಸೌತೆಕಾಯಿ ಇದ್ದೇ ಉಂಟು. ಫ್ರೀಜರ್ ಲಾರಿಯಲ್ಲಿ ದೂರದಿಂದ ಬಂದದ್ದಕ್ಕೆ ದುಬಾರಿ ಹಣ ಯಾಕೆ? ಆಡು ಕುರಿ ಮಾಂಸ ಕಡಿಮೆ ಮಾಡಿದರೆ ಅದರ ಪರಿಣಾಮ ಮೀನಿನ ಈ ಆಯ್ಕೆಗಳಿಗಿಂತ ದೊಡ್ಡದು, ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲೇ ಮೀಥೇನ್ ಹುಟ್ಟುವುದು.

ಕಡಲಗಾಳಿ

ಗುಜರಿಯವರು ಕೊಳವೆ ಕತ್ತರಿಸುತ್ತಾರೆ, ಉಳಿದದ್ದೆಲ್ಲ ಒಂದೇ ಉಸಿರಿಗೆ ಹೊರಗೆ. ಆದ್ದರಿಂದ ಬಿಚ್ಚುವ ಮೊದಲು ಗ್ಯಾಸನ್ನು ಹೊರಗಿನ ಯೂನಿಟ್‌ಗೆ ಎಳೆದು ಕೂಡಿಹಾಕಿಸಿ, ಪಂಪ್ ಡೌನ್ ಅಂತಾರೆ. ಏಸಿ ಕೂಲ್‌ನಲ್ಲಿ ಹತ್ತು ನಿಮಿಷ ಓಡಬೇಕು. ಅಲೆನ್ ಕೀ ಹಾಕಿ ಮೊದಲು ತೆಳು ಕೊಳವೆಯ ವಾಲ್ವ್ ಮುಚ್ಚುವುದು, ಗೇಜ್ ಸೊನ್ನೆಯ ಹತ್ತಿರ ಇಳಿದ ಕೂಡಲೇ ದಪ್ಪ ಕೊಳವೆಯದ್ದು, ತಕ್ಷಣ ಆಫ್. ತಡ ಮಾಡಿದರೆ ಕಂಪ್ರೆಸರ್ ಗಾಳಿ ಎಳೆದುಕೊಂಡು ಹಾಳಾಗುತ್ತದೆ, ಒಡೆಯಲೂಬಹುದು. ನೀವೇ ಪ್ರಯೋಗ ಮಾಡಬೇಡಿ. ಕಂಪ್ರೆಸರೇ ಸತ್ತಿದ್ದರೆ ರಿಕವರಿ ಯಂತ್ರ ಇರುವವರನ್ನು ಕರೆಯಬೇಕು, ಬೇರೆ ದಾರಿ ಇಲ್ಲ. ಗ್ಯಾಸ್ ಕೂಡಿಹಾಕಿದ ಯೂನಿಟ್ ಅನ್ನೂ ಗುಜರಿಗೆ ಕೊಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಹೊಸ ಏಸಿ ಮಾರುವವರು ಹಳೆಯದನ್ನು ವಿನಿಮಯಕ್ಕೆ ಪಡೆಯುವಾಗ ಅದು ಅಧಿಕೃತ ಇ-ತ್ಯಾಜ್ಯ ಮರುಬಳಕೆಯವರಿಗೆ ಹೋಗುತ್ತದಾ ಕೇಳಿ, ರಶೀದಿ ತೆಗೆದುಕೊಳ್ಳಿ.

ಫ್ಯಾನಿನ ವಿಷಯ ನಿಜ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ವೋಲ್ಟೇಜ್ ಏರಿಳಿತಕ್ಕೆ ಸೂಕ್ಷ್ಮ. ಏಪ್ರಿಲ್-ಮೇಯ ಸಂಜೆ ಮತ್ತು ಅಕ್ಟೋಬರಿನ ಗುಡುಗು ಮಳೆಗೆ ಹೋಗುವುದು ಹೆಚ್ಚು. ರಿಮೋಟಿನಲ್ಲಿ ಆರಿಸಿದರೆ ಬೋರ್ಡಿಗೆ ಕರೆಂಟು ಹೋಗುತ್ತಲೇ ಇರುತ್ತದೆ, ಗೋಡೆಯ ಸ್ವಿಚ್ ಆರಿಸಬೇಕು. ಮನೆಯ ಮುಖ್ಯ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದಕ್ಕೂ ಮೊದಲು ಕಟ್ಟಡದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಇಲ್ಲದ ಪ್ರೊಟೆಕ್ಟರ್ ಬರೀ ಅಲಂಕಾರ. ಹಳೆಯ ಡಬ್ಬದಂಥ ರೆಗ್ಯುಲೇಟರ್ ಅದೇ ತಂತಿಯಲ್ಲಿ ಇದ್ದರೆ ತೆಗೆಸಿಬಿಡಿ. ಅದರ ಮೂಲಕ ಹಾದ ಕರೆಂಟಿಗೆ ಬಿಎಲ್‌ಡಿಸಿ ಫ್ಯಾನು ಸರಿ ತಿರುಗುವುದಿಲ್ಲ, ವಾರಂಟಿಯೂ ಸಿಗದೆ ಹೋಗಬಹುದು.